ಮುತಾಲಾ, ದರ್ಸ್, ತಕ್ರಾರ್: ಮದರಸಾ ಶಿಕ್ಷಣದಲ್ಲಿ ಸ್ವಾಧ್ಯಯನ

ಸ್ವಾಧ್ಯಯನವು ವಿದ್ಯಾರ್ಥಿಯ ಸಾಧನೆಯನ್ನು ಹೆಚ್ಚಿಸುವುದೇ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು, ಸಾಧನೆಯನ್ನು ಯಾವುದರಿಂದ ಅಳೆಯುತ್ತೇವೆ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಭಾರತದ ಮದರಸಾಗಳ ಅಧ್ಯಯನಕ್ರಮವು ಇದನ್ನು ಸ್ಪಷ್ಟಪಡಿಸುತ್ತದೆ.

ಲಖನೌದ ಫರಂಗಿ ಮಹಲಿನ ವಿದ್ವಾಂಸರಾದ ಮುಲ್ಲಾ ನಿಜಾಮುದ್ದೀನರ (ಮರಣ 1748) ಹೆಸರನ್ನು ಹೊತ್ತ ‘ದರ್ಸೆ ನಿಜಾಮಿ’ ಪಠ್ಯಕ್ರಮವು ಪ್ರತಿಯೊಂದು ಶಾಸ್ತ್ರದಲ್ಲಿಯೂ ಸಂಕ್ಷಿಪ್ತವೂ ಕ್ಲಿಷ್ಟವೂ ಆದ ಕೆಲವೇ ಗ್ರಂಥಗಳನ್ನು ಆರಿಸಿಕೊಂಡಿತು. ಇಬ್ನುಲ್ ಹಾಜಿಬರ ವ್ಯಾಕರಣಗ್ರಂಥ ‘ಕಾಫಿಯಾ’ ಅಂಥವುಗಳಲ್ಲೊಂದು. ಕಠಿಣ ಗ್ರಂಥವೊಂದನ್ನು ಭೇದಿಸಿದವನು ಉಳಿದವುಗಳನ್ನು ತಾನೇ ಓದಬಲ್ಲನೆಂಬುದು ಇದರ ಹಿಂದಿನ ತತ್ತ್ವ.

ಪಾಠಕ್ಕೆ ಇಲ್ಲಿ ಮೂರು ಹಂತಗಳಿವೆ. ಮೊದಲನೆಯದು ‘ಮುತಾಲಾ’: ಮರುದಿನದ ಭಾಗವನ್ನು ವಿದ್ಯಾರ್ಥಿಯು ಮುಂಚಿತವಾಗಿ ತಾನೇ ಓದಿ ಅರ್ಥಮಾಡಿಕೊಳ್ಳುವುದು. ಎರಡನೆಯದು ಗುರುವಿನ ‘ದರ್ಸ್’, ಅಂದರೆ ಪಾಠ. ಮೂರನೆಯದು ‘ತಕ್ರಾರ್’: ಸಹಪಾಠಿಗಳು ಕೂಡಿ ಕುಳಿತು ಪಾಠವನ್ನು ಪುನಃ ವಿವರಿಸಿಕೊಳ್ಳುವುದು. ಪುನರಾವರ್ತನೆ ಎಂಬರ್ಥದ ಈ ಅರಬ್ಬೀ ಪದವೇ ಕನ್ನಡದಲ್ಲಿ ‘ತಕರಾರು’ ಆಗಿದೆ.

ಮುತಾಲಾದ ಫಲವು ತರಗತಿಯಲ್ಲಿ ಕೂಡಲೇ ಬಯಲಾಗುತ್ತದೆ. ಅರಬ್ಬೀ ಗ್ರಂಥಗಳಲ್ಲಿ ಹ್ರಸ್ವ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕರ್ತೃಪದ ಯಾವುದು, ಕರ್ಮಪದ ಯಾವುದು ಎಂದು ತಿಳಿದವನು ಮಾತ್ರ ಪದಾಂತ್ಯದ ಸ್ವರವನ್ನು ಸರಿಯಾಗಿ ಉಚ್ಚರಿಸಬಲ್ಲನು. ಆದುದರಿಂದ ಗಟ್ಟಿಯಾದ ಓದೇ ಗ್ರಹಿಕೆಯ ಪರೀಕ್ಷೆಯಾಗುತ್ತದೆ.

1866ರಲ್ಲಿ ಸ್ಥಾಪಿತವಾದ ದೇವಬಂದಿನ ದಾರುಲ್ ಉಲೂಮ್ ನಿಶ್ಚಿತ ತರಗತಿಗಳನ್ನೂ ವಾರ್ಷಿಕ ಪರೀಕ್ಷೆಗಳನ್ನೂ ಅಳವಡಿಸಿಕೊಂಡಿತು. ಪರೀಕ್ಷೆಯಿಂದ ಶಿಸ್ತು ಬಂದಿತಾದರೂ ಇಂಥ ವ್ಯವಸ್ಥೆಯಲ್ಲಿ ಒಂದು ಅಪಾಯವೂ ಅಡಗಿದೆ. ಉರ್ದು ವ್ಯಾಖ್ಯಾನಗಳನ್ನೇ ಕಂಠಪಾಠ ಮಾಡಿದವನೂ ಉತ್ತೀರ್ಣನಾಗಬಹುದು. ಆದರೆ ಅಪರಿಚಿತ ಪುಟವೊಂದನ್ನು ಮುಂದಿಟ್ಟರೆ ಅವನು ತಡವರಿಸುತ್ತಾನೆ. ಅಂಕಗಳಲ್ಲಿ ಮರೆಯಾಗುವ ಈ ವ್ಯತ್ಯಾಸವನ್ನು ಮುತಾಲಾ ಹೊರಗೆಡಹುತ್ತದೆ.

ಈ ಕ್ರಮಕ್ಕೆ ಮಿತಿಗಳೂ ಇವೆ. 1975ರಲ್ಲಿ ಮಾಲ್ಕಮ್ ನೋಲ್ಸ್ ವಿವರಿಸಿದ ಸ್ವನಿರ್ದೇಶಿತ ಕಲಿಕೆಯಲ್ಲಿ ಗುರಿ, ಸಾಮಗ್ರಿ, ಮೌಲ್ಯಮಾಪನಗಳ ಹೊಣೆಯನ್ನು ಕಲಿಯುವವನೇ ಹೊರುತ್ತಾನೆ. ಮದರಸಾದಲ್ಲಿ ಗ್ರಂಥವನ್ನೂ ಗುರಿಯನ್ನೂ ಸಂಪ್ರದಾಯವೇ ನಿಶ್ಚಯಿಸುತ್ತದೆ. ಪ್ರಯತ್ನ ಮತ್ತು ಆತ್ಮಪರಿಶೀಲನೆಗಳು ಮಾತ್ರ ವಿದ್ಯಾರ್ಥಿಯ ಪಾಲಿಗೆ ಉಳಿಯುತ್ತವೆ. ತಕ್ರಾರ್‌ನಲ್ಲಿ ಸಮರ್ಥನೊಬ್ಬನೇ ಮಾತನಾಡಿ ಇತರರು ಕೇಳುತ್ತಾ ಕುಳಿತರೆ ಅದೂ ಬರಿಯ ಗಿಳಿಪಾಠವಾದೀತು.

ಆದರೂ ಇದರಲ್ಲಿ ಗಮನಾರ್ಹವಾದ ವಿವೇಕವಿದೆ. ಸ್ವಾಧ್ಯಯನವು ಇಲ್ಲಿ ಗುರುವಿನ ಸ್ಥಾನವನ್ನು ಆಕ್ರಮಿಸದೆ ಅವನ ಬೋಧನೆಯನ್ನು ಸ್ವೀಕರಿಸಲು ಮನಸ್ಸನ್ನು ಹದಗೊಳಿಸುತ್ತದೆ. ಹೀಬ್ರೂ, ಗ್ರೀಕ್ ಮೂಲಗಳನ್ನು ಬದಿಗಿರಿಸಿ ಭಾಷ್ಯಗಳನ್ನೇ ಆಶ್ರಯಿಸುವ ಪ್ರವೃತ್ತಿಯು ದೈವಶಾಸ್ತ್ರದ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ. ಗುರುವಿಲ್ಲದ ದಿನ, ಹಿಂದೆಂದೂ ಓದದ ಪುಟವನ್ನು ತೆರೆದು ಅರ್ಥಮಾಡಿಕೊಳ್ಳುವ ಶಕ್ತಿ ನಮ್ಮಲ್ಲಿದೆಯೇ? ಸಾಧನೆಯ ನಿಜವಾದ ಅಳತೆಗೋಲು ಈ ಪ್ರಶ್ನೆಯೇ.