ನಿಮಗಿದು ಗೊತ್ತೆ? ಕೊಲೆಯನ್ನು ಕೊಲೆಯೆಂದ ಧರ್ಮಾಧ್ಯಕ್ಷರು

ಜರ್ಮನಿಯ ಮ್ಯೂನ್‌ಸ್ಟರಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷ, ಅಂದರೆ ಬಿಷಪ್, ಕ್ಲೆಮೆನ್ಸ್ ಫಾನ್ ಗಾಲೆನ್ ಅವರು 1941ರ ಆಗಸ್ಟ್ 3ರಂದು ಪ್ರಬೋಧನೆಯಲ್ಲಿ, ಎಂದರೆ ಪೂಜೆಯ ವೇಳೆಯ ಧರ್ಮೋಪದೇಶದಲ್ಲಿ, ಮನೋರೋಗಿಗಳನ್ನು ನಿರುಪಯೋಗಿಗಳೆಂದು ಗುಟ್ಟಾಗಿ ಕೊಲ್ಲುತ್ತಿದ್ದ ನಾಜಿ ಸರ್ಕಾರದ ಕೃತ್ಯವನ್ನು ಕೊಲೆಯೆಂದೇ ಬಹಿರಂಗವಾಗಿ ಕರೆದರು. ಪತ್ರಿಕೆಗಳೆಲ್ಲ ಸರ್ಕಾರದ ಹಿಡಿತದಲ್ಲಿದ್ದ ಆ ಕಾಲದಲ್ಲಿ ಆ ಪ್ರಬೋಧನೆಯ ಪ್ರತಿಗಳು ಕೈಯಿಂದ ಕೈಗೆ ದಾಟಿ ರಣರಂಗದ ಸೈನಿಕರವರೆಗೂ ತಲುಪಿದವು. ಗಾಲೆನ್ ಅವರನ್ನು ಗಲ್ಲಿಗೇರಿಸಬೇಕೆಂಬ ಕೂಗು ನಾಜಿಗಳಲ್ಲಿ ಎದ್ದರೂ ಜನರು ತಿರುಗಿಬಿದ್ದಾರೆಂಬ ಅಂಜಿಕೆಯಿಂದ ಯಾರೂ ಮುಟ್ಟಲಿಲ್ಲ. ಅದೇ ತಿಂಗಳ 24ರಂದು ಹಿಟ್ಲರ್ ರೋಗಿಗಳನ್ನು ವಿಷಾನಿಲದಿಂದ ಕೊಲ್ಲುತ್ತಿದ್ದ ಆ ಕಾರ್ಯಾಚರಣೆಯನ್ನು ನಿಲ್ಲಿಸಲು ಆದೇಶಿಸಿದನು. ಆದರೂ ಹತ್ಯೆಯು ಆಸ್ಪತ್ರೆಗಳ ಮರೆಯಲ್ಲಿ, ಔಷಧಿ ಮತ್ತು ಹಸಿವಿನ ಮೂಲಕ ಮುಂದುವರಿದದ್ದು ದಾರುಣ ಸಂಗತಿ. ಗಾಲೆನ್ ಅವರ ಪ್ರಬೋಧನೆಗಳನ್ನು ಹಂಚಿದ ಲ್ಯೂಬೆಕ್ ನಗರದ ಮೂವರು ಕ್ಯಾಥೊಲಿಕ್ ಗುರುಗಳು ಹಾಗೂ ಒಬ್ಬ ಲೂಥರನ್ ಪಾದ್ರಿ 1943ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು.