ಜೀವಕೋಶದೊಳಕ್ಕೆ ಜೀನಿನ ಪ್ರವೇಶ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆ ಆಳದಲ್ಲಿ, ಕೆಲಸಗಾರನು ಎಷ್ಟೇ ನಿಪುಣನಾಗಿರಲಿ, ಕೆಳಗಿಳಿಸುವ ಕೇಜು ಇಲ್ಲದಿದ್ದರೆ ಅವನ ನೈಪುಣ್ಯವು ನಿಷ್ಫಲವೆಂಬುದನ್ನು ಅಲ್ಲಿ ದುಡಿದ ಹಿರಿಯರು ಬಲ್ಲರು. ಜೀನು ಚಿಕಿತ್ಸೆಯ ತೊಡಕೂ ಇಂಥದೇ. ದೋಷವುಳ್ಳ ಜೀನಿಗೆ ಬದಲಾಗಿ ಒಳ್ಳೆಯದೊಂದನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಬಹುದು. ಅದನ್ನು ಜೀವಕೋಶದೊಳಕ್ಕೆ ಇಳಿಸುವುದು ಹೇಗೆ?

ಕೋಶದ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಐದು ಪಾಲು ಮಾತ್ರ. ಆದರೆ ಅದು ಜಿಡ್ಡಿನಿಂದಾದುದು, ಹೊರಮೈ ಋಣವಿದ್ಯುತ್ತುಳ್ಳದ್ದು. ಡಿಎನ್‌ಎ ಎಳೆಯೂ ಋಣವಿದ್ಯುತ್ತನ್ನೇ ಹೊತ್ತಿರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ವೈರಸ್ಸುಗಳಿಗೆ ಒಳನುಗ್ಗುವ ವಿದ್ಯೆ ಗೊತ್ತು. ಆದರೆ 1999ರಲ್ಲಿ ಅಮೆರಿಕದಲ್ಲಿ ವೈರಸ್ಸಿನ ಮೂಲಕ ಜೀನು ಪಡೆದ ಹದಿನೆಂಟರ ತರುಣನೊಬ್ಬನು, ತನ್ನ ದೇಹವು ಅದಕ್ಕೆ ತೋರಿದ ಉಗ್ರ ಪ್ರತಿಕ್ರಿಯೆಯಿಂದ ನಾಲ್ಕೇ ದಿನಗಳಲ್ಲಿ ಮೃತನಾದನು.

ಬೇರೊಂದು ದಾರಿಯನ್ನು ಫೆಲ್ಗ್ನರ್ ಮತ್ತು ಸಂಗಡಿಗರು 1987ರಲ್ಲೇ ತೋರಿದ್ದರು. ಧನವಿದ್ಯುತ್ತುಳ್ಳ ಕೃತಕ ಲಿಪಿಡ್ಡು ಡಿಎನ್‌ಎಯನ್ನು ಹಿಡಿದು ಸಣ್ಣ ಗಂಟಾಗಿಸುತ್ತದೆ. ಗಂಟು ಪೊರೆಗೆ ಅಂಟುತ್ತದೆ. ಕೋಶವು ಅದನ್ನು ನುಂಗುತ್ತದೆ. ಗಾಜಿನ ತಟ್ಟೆಯಲ್ಲಿ ಗೆದ್ದ ಗಂಟು ರಕ್ತದಲ್ಲಿ ಸೋಲುವುದುಂಟು. ರಕ್ತರಸದ ಪ್ರೋಟೀನುಗಳು ಅದನ್ನು ಮುತ್ತಿಕೊಳ್ಳುತ್ತವೆ. ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ, ಪಿ. ಕೊಂಡಯ್ಯ ಮತ್ತು ಸಹೋದ್ಯೋಗಿಗಳು ಕೊಲೆಸ್ಟರಾಲಿನ ಅಣುಗಳನ್ನು ಜೋಡಿಜೋಡಿಯಾಗಿ ಹೆಣೆದು, ರಕ್ತರಸದ ನಡುವೆಯೂ ಕೆಲಸಮಾಡುವ ಲಿಪಿಡ್ಡುಗಳನ್ನು 2007ರಲ್ಲಿ ಪ್ರಕಟಿಸಿದರು.

ಗಂಟು ಅಂಟಿದರೆ ಸಾಲದು, ಬೇಕಾದ ಅಂಗದಲ್ಲೇ ಒಳಸೇರಬೇಕು. ಇಲ್ಲಿ ಶ್ರವಣಾತೀತ ಧ್ವನಿ ನೆರವಿಗೆ ಬರುತ್ತದೆ. ಭೌತಶಾಸ್ತ್ರದವನಿಗೆ ಇದೇ ಹೆಚ್ಚು ರುಚಿಸುವ ಭಾಗ! ಲಿಪಿಡ್ಡಿನ ತೆಳುಪೊರೆಯಲ್ಲಿ ಅನಿಲವನ್ನು ತುಂಬಿದ ಗುಳ್ಳೆಗಳನ್ನು ರಕ್ತಕ್ಕೆ ಸೇರಿಸಿ, ಹೊರಗಿನಿಂದ ಧ್ವನಿಯನ್ನು ಹಾಯಿಸುತ್ತಾರೆ. ತಂಬೂರಿಯ ತಂತಿಯಂತೆ ಗುಳ್ಳೆಗೂ ತನ್ನದೇ ಕಂಪನಸಂಖ್ಯೆಯುಂಟು. 1933ರಲ್ಲಿ ಮಿನ್ನಾರ್ಟ್ ಕಂಡುಕೊಂಡ ನಿಯಮದಂತೆ, ನೀರಿನಲ್ಲಿರುವ ಗಾಳಿಗುಳ್ಳೆಯ ತ್ರಿಜ್ಯವನ್ನು ಮೀಟರುಗಳಲ್ಲಿ ಅಳೆದು, ಸೆಕೆಂಡಿಗೆ ಅದು ಮಾಡುವ ಕಂಪನಗಳಿಂದ ಗುಣಿಸಿದರೆ ಸುಮಾರು 3 ಬರುತ್ತದೆ. ಸೆಕೆಂಡಿಗೆ 10 ಲಕ್ಷ ಕಂಪನಗಳ ಧ್ವನಿಗೆ ವಾಚಕರೇ ಲೆಕ್ಕ ಹಾಕಿ ನೋಡಲಿ: ತ್ರಿಜ್ಯ 3 ಮೈಕ್ರಾನ್. ಅಂದರೆ ಗುಳ್ಳೆಯು ಕೆಂಪು ರಕ್ತಕಣಕ್ಕಿಂತ ತುಸು ಚಿಕ್ಕದು. ಅತಿ ಕಿರಿದಾದ ರಕ್ತನಾಳದಲ್ಲಿಯೂ ಹಾಯಬಲ್ಲದು. ಅದು ಹಿಗ್ಗಿ ಕುಗ್ಗುವಾಗ ಸುತ್ತಣ ದ್ರವವು ಸುಳಿದು ಪಕ್ಕದ ಕೋಶದ ಪೊರೆಯನ್ನು ತೀಡುತ್ತದೆ. ಕಿರುರಂಧ್ರಗಳು ತೆರೆದು, ಸ್ವಲ್ಪ ಹೊತ್ತಿನಲ್ಲೇ ಮುಚ್ಚಿಕೊಳ್ಳುತ್ತವೆ. ಧ್ವನಿಯ ಬಲ ಕಡಮೆಯಾದರೆ ರಂಧ್ರವೇ ಬೀಳದು. ಅತಿಯಾದರೆ ಗುಳ್ಳೆ ರಭಸದಿಂದ ಕುಸಿದು, ಪೊರೆ ಮತ್ತೆ ಕೂಡದಷ್ಟು ಹರಿದು, ಕೋಶವೇ ಸಾಯುತ್ತದೆ.

ಲಿಪಿಡ್ಡಿನ ವಾಹನವನ್ನು 2020ರ ಕೋವಿಡ್ ಲಸಿಕೆಗಳು ಲೋಕಕ್ಕೆಲ್ಲ ಪರಿಚಯಿಸಿದುವು. ಆದರೆ ಆ ಲಸಿಕೆಗಳ ಆರ್‌ಎನ್‌ಎ ಕೋಶದ ಹೊರಪೊರೆಯನ್ನು ದಾಟಿದರೆ ಸಾಕು. ಡಿಎನ್‌ಎ ಒಳಗಿನ ಕೋಶಕೇಂದ್ರದ ಪೊರೆಯನ್ನೂ ದಾಟಬೇಕು. ಆ ಎರಡನೆಯ ಗೋಡೆಯ ಬಳಿ ಗುಳ್ಳೆಯ ನೆರವು ನೇರವಾಗಿ ದೊರೆಯದು.