ಫರ್ಮ್‌ವೇರ್ ಕೆಟ್ಟ ಲ್ಯಾಪ್‌ಟಾಪಿನ ಪುನರುಜ್ಜೀವನ

ಫರ್ಮ್‌ವೇರ್ ಅಪ್‌ಡೇಟ್ ನಡೆಯುತ್ತಿರುವಾಗ ವಿದ್ಯುತ್ತು ಹೋಗಿಯೋ, ಬ್ಯಾಟರಿ ಬರಿದಾಗಿಯೋ, ಅಥವಾ ಕಾಯುವ ತಾಳ್ಮೆ ತೀರಿದ ಯಜಮಾನನೇ ಪವರ್ ಗುಂಡಿಯನ್ನು ಒತ್ತಿ ಹಿಡಿದುದರಿಂದಲೋ ಕಾರ್ಯವು ಅರ್ಧಕ್ಕೆ ನಿಂತುಹೋದ ಲ್ಯಾಪ್‌ಟಾಪಿನ ಸ್ಥಿತಿ ವಿಚಿತ್ರವಾದುದು. ಫ್ಯಾನು ಒಮ್ಮೆ ತಿರುಗಿ ನಿಲ್ಲುತ್ತದೆ. ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ರಿಪೇರಿ ಅಂಗಡಿಗಳ ಪರಿಭಾಷೆಯಲ್ಲಿ ಇಂಥ ಯಂತ್ರ ‘ಡೆಡ್’. ಆದರೆ ಪ್ರೊಸೆಸರು, ಮೆಮೊರಿ, ಡಿಸ್ಕು ಇವುಗಳಲ್ಲಿ ಒಂದೂ ಸುಟ್ಟಿರುವುದಿಲ್ಲ, ಒಡೆದಿರುವುದಿಲ್ಲ. ಅಳಿದಿರುವುದು ಒಂದು ಬರಹ; ಮೂಲಪ್ರತಿ ದೊರೆಯುವವರೆಗೆ ಯಾವ ಬರಹವನ್ನೂ ಮತ್ತೊಮ್ಮೆ ಬರೆಯಬಹುದಾದ್ದರಿಂದ, ಆ ಮರಣದ ತೀರ್ಪು ಬಹುಮಟ್ಟಿಗೆ ಅವಸರದ್ದೆಂದೇ ನನ್ನ ಎಣಿಕೆ.

ಆ ಬರಹವಿರುವುದು ಮದರ್‌ಬೋರ್ಡಿನ ಮೇಲಿನ, ಸಾಮಾನ್ಯವಾಗಿ ಎಂಟೇ ಕಾಲುಗಳಿರುವ ಒಂದು ಪುಟ್ಟ ಚಿಪ್‌ನಲ್ಲಿ. ಅದರ ಧಾರಣಶಕ್ತಿ 8, 16 ಅಥವಾ 32 ಮೆಗಾಬೈಟ್. ಇಂದಿನ ಲೆಕ್ಕದಲ್ಲಿ ಕೆಲವು ಛಾಯಾಚಿತ್ರಗಳಿಗೂ ಸಾಲದಷ್ಟು ಸ್ಥಳ. ಆದರೂ ಗುಂಡಿ ಒತ್ತಿದ ಕ್ಷಣದಲ್ಲಿ ತನಗೊಂದು ಪರದೆಯುಂಟೆಂಬುದನ್ನಾಗಲಿ, ಡಿಸ್ಕುಂಟೆಂಬುದನ್ನಾಗಲಿ ಅರಿಯದ ಪ್ರೊಸೆಸರು ತನ್ನ ಮೊತ್ತಮೊದಲ ಆಜ್ಞೆಯನ್ನು ಪಡೆಯುವುದು ಇಲ್ಲಿಂದಲೇ. ಹಳಬರು ಬಯಾಸ್ ಎಂದು ಕರೆಯುವ, ಹೊಸ ವಿನ್ಯಾಸದಲ್ಲಿ ಯುಇಎಫ್‌ಐ ಎಂಬ ಹೆಸರು ತಳೆದಿರುವ ಈ ಫರ್ಮ್‌ವೇರು ಮೆಮೊರಿಯನ್ನು ಎಚ್ಚರಿಸಿ, ಪರದೆಯನ್ನು ಬೆಳಗಿಸಿ, ಡಿಸ್ಕನ್ನು ಗುರುತಿಸಿ, ಆನಂತರವೇ ಅಧಿಕಾರವನ್ನು ವಿಂಡೋಸಿಗೋ ಲಿನಕ್ಸಿಗೋ ಒಪ್ಪಿಸತಕ್ಕದ್ದು. ಇದು ಅಳಿದ ಬಳಿಕ ಡಿಸ್ಕಿನಲ್ಲಿರುವ ವಿಂಡೋಸ್ ಎಷ್ಟು ಸುಸ್ಥಿತಿಯಲ್ಲಿದ್ದರೇನು, ಅದನ್ನು ಕರೆಯುವವರೇ ಇಲ್ಲ.

ಅಪ್‌ಡೇಟ್ ಅರ್ಧಕ್ಕೆ ನಿಂತರೆ ಹಳೆಯದಾದರೂ ಉಳಿಯಬೇಡವೇ ಎಂಬ ಸಂದೇಹ ಸಹಜವಾದದ್ದು. ಈ ಚಿಪ್‌ನ ಸ್ವಭಾವದಲ್ಲಿಯೇ ಅದಕ್ಕೆ ಉತ್ತರವಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದನ್ನು ಸೊನ್ನೆಯಾಗಿಸುವುದು ಸುಲಭ. ಸೊನ್ನೆಯನ್ನು ಮರಳಿ ಒಂದಾಗಿಸಬೇಕಾದರೆ ಕನಿಷ್ಠ 4 ಕಿಲೋಬೈಟ್‌ನಷ್ಟು ಭಾಗವನ್ನು ಒಟ್ಟಿಗೇ ಅಳಿಸಬೇಕಾಗುತ್ತದೆ. ಮಕ್ಕಳ ಸ್ಲೇಟಿನಲ್ಲಿ ಒಂದಕ್ಷರವನ್ನು ತಿದ್ದಲು ಎಂಜಲು ಹಚ್ಚಿದ ಬೆರಳ ತುದಿ ಸಾಕು. ಇಲ್ಲಿಯಾದರೋ ಒಂದಕ್ಷರಕ್ಕಾಗಿ ಸ್ಲೇಟನ್ನೇ ಒರೆಸಬೇಕು. ಒರೆಸಿದ್ದಾಗಿದೆ, ಇನ್ನೂ ಬರೆದಿಲ್ಲ ಎಂಬ ಆ ಸ್ವಲ್ಪ ಹೊತ್ತಿನಲ್ಲಿಯೇ ಅಪಾಯವೆಲ್ಲವೂ ಅಡಗಿರುತ್ತದೆ.

ಐಬಿಎಂ ಸಂಸ್ಥೆ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಈ ಸಂಕಟವೇ ಇರಲಿಲ್ಲ; ಅದರ ಬಯಾಸನ್ನು ಬದಲಿಸಬೇಕಾದರೆ ಚಿಪ್ಪನ್ನೇ ಕಿತ್ತು ಬೇರೊಂದನ್ನು ಕೂರಿಸಬೇಕಾಗಿತ್ತು. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ 1984ರಲ್ಲಿ ಲೋಕದ ಮುಂದಿಟ್ಟ ಫ್ಲ್ಯಾಶ್ ಮೆಮೊರಿಯು ಮುಂದಿನ ದಶಕದಲ್ಲಿ ಮದರ್‌ಬೋರ್ಡುಗಳನ್ನು ಪ್ರವೇಶಿಸಿದ ಮೇಲೆ ಅನುಕೂಲವೂ ಆಪತ್ತೂ ಜೊತೆಜೊತೆಯಾಗಿಯೇ ಬಂದವು. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ ರಚಿಸಿದ ಸಿಐಎಚ್ ವೈರಸ್ಸು 1999ರ ಏಪ್ರಿಲ್ 26ರಂದು ಎಚ್ಚೆತ್ತು ಡಿಸ್ಕುಗಳನ್ನು ಕೆಡಿಸಿದ್ದಷ್ಟೇ ಅಲ್ಲದೆ, ಕೆಲವು ಯಂತ್ರಗಳ ಬಯಾಸನ್ನೂ ಅಳಿಸಿಹಾಕಿತು. ಚೆರ್ನೋಬಿಲ್ ದುರಂತದ ದಿನವೂ ಅದೇ ಆಗಿದ್ದುದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಎಂಬ ಹೆಸರೂ ಬಂತು. ಆ ಕಾಲದ ಡೆಸ್ಕ್‌ಟಾಪುಗಳಲ್ಲಿ ಚಿಪ್ ಒಂದು ಸಾಕೆಟ್ಟಿನಲ್ಲಿ ಕೂತಿರುತ್ತಿತ್ತಾಗಿ ಧೈರ್ಯಸ್ಥ ಮೆಕ್ಯಾನಿಕ್ಕುಗಳು ಒಂದು ಸಾಹಸ ಮಾಡುತ್ತಿದ್ದುದುಂಟು: ಅದೇ ಮಾದರಿಯ ಆರೋಗ್ಯವಂತ ಯಂತ್ರವನ್ನು ಆರಂಭಿಸಿ, ಅದು ಚಾಲೂ ಇರುವಾಗಲೇ ಅದರ ಚಿಪ್ಪನ್ನು ಕಿತ್ತು, ಕೆಟ್ಟ ಚಿಪ್ಪನ್ನು ಅಲ್ಲಿ ಕೂರಿಸಿ, ಬಯಾಸನ್ನು ಬರೆದುಬಿಡುವುದು. ಲ್ಯಾಪ್‌ಟಾಪಿನಲ್ಲಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಈ ಚಮತ್ಕಾರಕ್ಕೆ ಅವಕಾಶವಿಲ್ಲ.

ಇಷ್ಟು ಅಪಾಯವಿದ್ದರೆ ಅಪ್‌ಡೇಟಿನ ಗೊಡವೆಯೇ ಬೇಡವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಯಂತ್ರ ಆರಂಭವಾಗುವಾಗ ತೋರುವ ತಯಾರಕರ ಲಾಂಛನದ ಚಿತ್ರವನ್ನು ಓದುವ ಭಾಗದಲ್ಲಿಯೇ ಕಳ್ಳದಾರಿಗಳಿರುವುದನ್ನು 2023ರ ಡಿಸೆಂಬರಿನಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅದಕ್ಕೆ ಪರಿಹಾರ ಫರ್ಮ್‌ವೇರ್ ಅಪ್‌ಡೇಟೇ.

ಇನ್ನು ಚಿಕಿತ್ಸೆಯ ವಿಚಾರ. ಮೊದಲನೆಯ ಚಿಕಿತ್ಸೆ ಏನನ್ನೂ ಮಾಡದಿರುವುದು. ಅಪ್‌ಡೇಟ್ ಯಶಸ್ವಿಯಾದಾಗಲೂ ಯಂತ್ರವು ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತ ಹಲವು ನಿಮಿಷ ಕಪ್ಪು ಪರದೆಯಲ್ಲಿಯೇ ಇರುವುದುಂಟು, ತಾನಾಗಿಯೇ ಆರಿ ಮತ್ತೆ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಕೆಡದೆ ಇದ್ದುದನ್ನು ಕೆಡಿಸುವ ಕೈ ಅನೇಕವೇಳೆ ಈ ಘಟ್ಟದಲ್ಲಿಯೇ ಮುಂದೆ ಚಾಚುತ್ತದೆ. ಚಾರ್ಜರು ಹಾಕಿಟ್ಟು ಅರ್ಧ ಗಂಟೆಯಾದರೂ ಕಾಯತಕ್ಕದ್ದು. ಆಗಲೂ ಚಲನವಿಲ್ಲದಿದ್ದರೆ ಚಾರ್ಜರನ್ನು ಕಿತ್ತು, ಸಾಧ್ಯವಿದ್ದಲ್ಲಿ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಮತ್ತೆ ಪ್ರಯತ್ನಿಸಬೇಕು.

ಇದೂ ಫಲಿಸದಿದ್ದಲ್ಲಿ ತಯಾರಕರ ಮುಂದಾಲೋಚನೆ ನೆರವಿಗೆ ಬರುತ್ತದೆ. ಚಿಪ್‌ನ ಒಂದು ಮೂಲೆಯನ್ನು ಸಾಮಾನ್ಯ ಅಪ್‌ಡೇಟು ಮುಟ್ಟದಂತೆ ಕಾದಿರಿಸಿ, ಉಳಿದುದೆಲ್ಲ ಅಳಿದರೂ ಹೊರಗಿನಿಂದ ಒಂದು ಪ್ರತಿಯನ್ನು ತಂದು ಬರೆದುಕೊಳ್ಳುವಷ್ಟು ಬುದ್ಧಿಯನ್ನು ಅಲ್ಲಿ ಇರಿಸುವ ಪದ್ಧತಿ ಹಳೆಯದು. ಬೂಟ್ ಬ್ಲಾಕ್ ಎಂಬುದು ಆ ಭಾಗದ ಹೆಸರು. ಒಂದು ಕಾಲಕ್ಕೆ ಅದು ಫ್ಲಾಪಿಯನ್ನು ಹುಡುಕುತ್ತಿತ್ತು, ಈಗ ಪೆನ್ ಡ್ರೈವನ್ನು ಹುಡುಕುತ್ತದೆ. ಡೆಲ್ ಲ್ಯಾಪ್‌ಟಾಪುಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಹಿಡಿದು ಚಾರ್ಜರನ್ನು ಸಿಕ್ಕಿಸುವುದು, ಎಚ್‌ಪಿಯ ಅನೇಕ ಮಾದರಿಗಳಲ್ಲಿ ವಿಂಡೋಸ್ ಮತ್ತು ಬಿ ಕೀಲಿಗಳನ್ನು ಹಿಡಿದು ಪವರ್ ಗುಂಡಿಯನ್ನು ಒತ್ತುವುದು ಈ ಭಾಗವನ್ನು ಎಬ್ಬಿಸುವ ಕ್ರಮ. ಪೆನ್ ಡ್ರೈವನ್ನು ಬೇರೊಂದು ಕಂಪ್ಯೂಟರಿನಲ್ಲಿ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ, ತಮ್ಮ ಮಾದರಿಗೇ ಸಲ್ಲುವ ಫೈಲನ್ನು ತಯಾರಕರ ತಾಣದಿಂದ ಇಳಿಸಿ, ಅವರು ಹೇಳಿದ ಹೆಸರಿನಲ್ಲಿಯೇ ಇಡಬೇಕು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಬೂಟ್ ಬ್ಲಾಕ್ ಅದನ್ನು ಕಣ್ಣೆತ್ತಿ ನೋಡದು.

ನಿಶ್ಚೇಷ್ಟತೆಯೆಲ್ಲವೂ ಅಳಿವಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು. 2017ರ ಅಕ್ಟೋಬರಿನಲ್ಲಿ ಹೊರಬಂದ ಉಬುಂಟು 17.10 ಎಂಬ ಲಿನಕ್ಸ್ ಆವೃತ್ತಿಯನ್ನು ಹಾಕಿಕೊಂಡ ಕೆಲವು ಮಾದರಿಯ ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಬಯಾಸ್ ಸೆಟ್ಟಿಂಗುಗಳು ಉಳಿಯದಾದವು. ಪೆನ್ ಡ್ರೈವಿನಿಂದ ಯಂತ್ರ ಆರಂಭವಾಗದಾಯಿತು. ಡಿಸೆಂಬರಿನಲ್ಲಿ ಉಬುಂಟುವಿನವರು ಆ ಆವೃತ್ತಿಯನ್ನೇ ಹಿಂದೆಗೆದರು. ಇಂಟೆಲ್ಲಿನ ಒಂದು ಡ್ರೈವರು ಚಿಪ್‌ಗೆ ಬರೆಯದಂತೆ ಬೀಗ ಹಾಕಿಬಿಟ್ಟಿದ್ದುದೇ ಕಾರಣವೆಂದು ತಿಳಿದ ಮೇಲೆ, ತಿದ್ದಿದ ಕರ್ನೆಲ್ಲನ್ನು, ಅಂದರೆ ಲಿನಕ್ಸಿನ ತಿರುಳನ್ನು, ಹಾಕಿ ಯಂತ್ರವನ್ನು ಪುನರಾರಂಭಿಸುವುದೇ ಮದ್ದಾಯಿತು.

ಬೂಟ್ ಬ್ಲಾಕೂ ಅಳಿದಿದ್ದರೆ ಉಳಿಯುವುದು ಶಸ್ತ್ರಚಿಕಿತ್ಸೆ, ಬೆಂಗಳೂರಿನ ಎಸ್.ಪಿ. ರೋಡಿನಂಥ ಪೇಟೆಗಳಲ್ಲಿ ‘ಚಿಪ್ ಲೆವೆಲ್ ಸರ್ವಿಸ್’ ಎಂದು ಕರೆಸಿಕೊಳ್ಳುವ ಕೆಲಸ. ಬ್ಯಾಟರಿಯನ್ನು ಬೇರ್ಪಡಿಸಿ, ಚಿಪ್‌ನ ಎಂಟು ಕಾಲುಗಳಿಗೆ ಕ್ಲಿಪ್ಪು ಕಚ್ಚಿಸಿ, ಪ್ರೋಗ್ರಾಮರ್ ಎಂಬ ಸಣ್ಣ ಉಪಕರಣದ ಮೂಲಕ ಇನ್ನೊಂದು ಕಂಪ್ಯೂಟರಿನಿಂದ ನೇರವಾಗಿ ಬರೆಯುತ್ತಾರೆ. ಕೆಲವು ಚಿಪ್‌ಗಳು 3.3 ವೋಲ್ಟಿನವು, ಹೊಸವು ಎಷ್ಟೋ 1.8 ವೋಲ್ಟಿನವು, ಇದನ್ನು ನೋಡದೆ ಹೆಚ್ಚಿನ ವೋಲ್ಟೇಜು ಕೊಟ್ಟರೆ ಅಲ್ಲಿಯವರೆಗೆ ಬರಹ ಮಾತ್ರ ಕೆಟ್ಟಿದ್ದ ಚಿಪ್ ನಿಜಕ್ಕೂ ಸಾಯುತ್ತದೆ. ಬರೆಯುವ ಮುನ್ನ ಇದ್ದುದನ್ನು ಇದ್ದ ಹಾಗೆಯೇ ಎರಡು ಸಲ ಓದಿ, ಎರಡೂ ಪ್ರತಿಗಳು ತಾಳೆಯಾಗುವುದನ್ನು ಖಚಿತಪಡಿಸಿಕೊಂಡು, ಜೋಪಾನವಾಗಿ ತೆಗೆದಿರಿಸುವುದು ಬಲ್ಲವರ ಪದ್ಧತಿ. ಏಕೆಂದರೆ ಯಂತ್ರದ ಸೀರಿಯಲ್ ನಂಬರು, ವಿಂಡೋಸಿನ ಲೈಸೆನ್ಸ್ ಕೀ ಮೊದಲಾದ ಆ ಒಂದು ಯಂತ್ರಕ್ಕೇ ವಿಶಿಷ್ಟವಾದ ವಿವರಗಳು ಇದೇ ಚಿಪ್‌ನಲ್ಲಿರುತ್ತವೆ. ಇನ್ನೊಂದು ಲ್ಯಾಪ್‌ಟಾಪಿನ ಪ್ರತಿಯನ್ನು ತಂದು ಹಾಗೆಯೇ ಸುರಿದರೆ ಯಂತ್ರವು ಬದುಕೀತು, ಆದರೆ ಇನ್ನೊಬ್ಬರ ಹೆಸರಿನಲ್ಲಿ.

ಯಂತ್ರ ಎದ್ದ ಮೇಲೂ ಒಂದು ತಡೆ ಎದುರಾಗಬಹುದು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ರಕ್ಷಣೆಯಿದ್ದಲ್ಲಿ, ಫರ್ಮ್‌ವೇರು ಬದಲಾದುದನ್ನು ಕಂಡು ಶಂಕಿತವಾದ ವಿಂಡೋಸು 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ. ಅನೇಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಅವರಿಗೇ ತಿಳಿಯದಂತೆ ಉಳಿದಿರುವುದುಂಟು, ಅಲ್ಲಿ ಹುಡುಕಬೇಕು. ವಾರಂಟಿ ಉಳಿದಿರುವವರು ಮಾತ್ರ ತಾವಾಗಿ ಸ್ಕ್ರೂ ಬಿಚ್ಚದೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯುವುದು ಲೇಸು. ವಾರಂಟಿ ಮುಗಿದವರಿಗೆ ಅಲ್ಲಿ ಬೋರ್ಡನ್ನೇ ಬದಲಿಸಬೇಕೆಂಬ ಮಾತು ಕೇಳಿಬಂದರೆ, ಒಪ್ಪುವ ಮೊದಲು ಚಿಪ್ ಬರೆಯಬಲ್ಲ ಮೆಕ್ಯಾನಿಕ್ಕೊಬ್ಬರಿಗೆ ತೋರಿಸಿ, ಅವರು ಓದಿಟ್ಟುಕೊಂಡ ಹಳೆಯ ಪ್ರತಿಯನ್ನೂ ಒಂದು ಪೆನ್ ಡ್ರೈವಿನಲ್ಲಿ ಕೇಳಿ ಪಡೆಯತಕ್ಕದ್ದು.